ಅಮಾನತು

ಫಹಾಹೀಲ್ ಠಾಣೆಯ ಎರಡನೇ ಮಹಡಿ. ಏಸಿಯ ಕೆಳಗೊಂದು ಬಕೆಟ್ಟು.
ತೊಟ್ಟಿಕ್ಕುವ ನೀರನ್ನೇ ನೋಡುತ್ತಿದ್ದಾನೆ ವಾಮನ ಕರ್ಕೇರ,
ಮೂವತ್ತೊಂದು, ಊರು ಹೆಜಮಾಡಿ, ದಿನಸಿ ಅಂಗಡಿಯ ಕ್ಯಾಷಿಯರ್.
ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆ ಅಂದುಕೊಂಡೆ.
ಅಲ್ಲ, ಎಣಿಸುತ್ತಿದ್ದ:
ಅಧಿಕಾರಿ ಬರುವ ಮೊದಲು ನಲವತ್ತು ಹನಿ ಬೀಳುತ್ತದೋ ಇಲ್ಲವೋ.
ಮೂವತ್ತೆಂಟಕ್ಕೆ ಬಾಗಿಲು ತೆರೆಯಿತು.
'ಸೋತೆ' ಎಂದ, ನನಗೆ ಮಾತ್ರ ಕೇಳುವಂತೆ,
ಒಂದು ಬಗೆಯ ಖುಷಿಯಲ್ಲಿ.

ನಾನು ದುಭಾಷಿ. ಯಾರದೋ ದಿವಾನಿಯಾದಲ್ಲಿ
ಹನ್ನೆರಡು ವರ್ಷ ಚಹಾ ಹೊತ್ತು ಕಲಿತ ಅರಬಿ ನನ್ನದು.
ಅರ್ಧ ಕೆಲಸ ಸುಲಭ.
ಬಾಕಿಗೆ ಬಾಕಿಯೇ, ನಗದಿಗೆ ನಗದೇ,
ತಾರೀಖು, ಹಾಜರು, ಜಾಮೀನು,
ಯಾವ ಕಾಲದಲ್ಲೋ ಬಂದು ನಮ್ಮ ಕಚೇರಿಗಳಲ್ಲಿ
ಕಾಲು ಚಾಚಿ ಕೂತ ಮಾತುಗಳು.
ಸ್ವಲ್ಪ ಗಂಟಲು ಸೇರಿಸಿ ವಾಪಸು ಕಳಿಸಿದರೆ ಆಯಿತು.
ಷರತ್ತು ಕೂಡ ಇಲ್ಲಿಯದೇ. ಅದರ ದಾಯಾದಿ ಶುರ್ತಾ,
ಅಂದರೆ ಪೊಲೀಸು.
ಷರತ್ತು ಕಟ್ಟಿದವನು ಶುರ್ತಾದ ಮುಂದೆ ಕೂತನಲ್ಲ
ಎಂದು ಒಳಗೊಳಗೇ ನಕ್ಕೆ. ತಪ್ಪಾಯಿತು.

ಆರೋಪ: ಖಿಯಾನತ್ ಅಲ್ ಅಮಾನ.
ಇವರ ಅಮಾನ ಅಂದರೆ ನಂಬಿ ಕೈಗಿಟ್ಟದ್ದು.
ನಮ್ಮ ಅಮಾನತು ಅಂದರೆ ತೆಗೆದೂ ಹಾಕದೆ
ಇಟ್ಟುಕೊಳ್ಳಲೂ ಒಪ್ಪದೆ ತೂಗುಹಾಕಿದ್ದು.
ಕಡಲು ದಾಟುವಾಗ ಎಲ್ಲಿ ಬಿದ್ದುಹೋಯಿತೋ ನಂಬಿಕೆ.

ಮೊದಲ ಸಲ ಎಷ್ಟು?
ಐದು ದಿನಾರು, ಸರ್. ಮುಂದಿನ ಬಾಲು ವೈಡ್ ಅಂತ ಕಟ್ಟಿದೆ, ಮೊಬೈಲಿನಲ್ಲಿ.
ವೈಡೇ ಆಯಿತು. ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ಐದೂ ಹಾಕಿದೆ.
ಅವತ್ತು ಸೋತಿದ್ದರೆ ಚೆನ್ನಾಗಿತ್ತು.
ಹೇಳಿದೆ. ಕೊನೆಯ ಸಾಲನ್ನು ಅಧಿಕಾರಿ ಬರೆದುಕೊಳ್ಳಲಿಲ್ಲ.

ಮೇಜಿನ ಮೇಲೆ ಇವನದೇ ನೋಟ್‌ಬುಕ್ಕು.
ತೆಗೆದ ಒಂದೊಂದು ದಿನಾರಿಗೂ ತಾರೀಖು, ಪಕ್ಕದಲ್ಲಿ 'ನಾಳೆ'.
ದುಂಡಗಿನ ಅಕ್ಷರ, ಇನ್ನೂರ ಹನ್ನೊಂದು ನಾಳೆಗಳು.
ಒಂದರ ಮುಂದೆ ಮಾತ್ರ ಹೆಸರಿತ್ತು: ದಿಲ್ ಬಹಾದ್ದೂರ್,
ಅದೇ ಕೋಣೆಯ ಮೇಲಿನ ಮಂಚದವನು.
ಹೆಂಡತಿಯ ಆಪರೇಷನ್ನಿಗೆ ಕೂಡಿಟ್ಟದ್ದು,
ದಿಂಬಿನ ಒಳಗಿಂದ, ಅವನ ತಲೆ ದಿಂಬಿನ ಮೇಲಿರುವಾಗಲೇ.
ಅಲ್ಲಿ ನಾಳೆ ಎಂದು ಬರೆದು, ಹೊಡೆದು,
ಮತ್ತೆ ಬರೆದಿದ್ದ.

ಅಧಿಕಾರಿ ಪೆನ್ನು ಕೆಳಗಿಟ್ಟ. ವಯಸ್ಸಾದವನು, ಮೆತ್ತಗೆ ಕೇಳಿದ:
ಕಳ್ಳನಾದ್ದರಿಂದ ಆಡಿದನೋ, ಆಡಿದ್ದರಿಂದ ಕಳ್ಳನಾದನೋ?

ವಾಮನ ಬಕೆಟ್ಟಿನ ಕಡೆ ನೋಡಿದ.
ಆರನೇ ಕ್ಲಾಸಿನಲ್ಲೇ, ಬರುವ ಬಸ್ಸಿನ ನಂಬರು ಸಮವೋ ಬೆಸವೋ ಅಂತ
ಪೆನ್ಸಿಲು ಕಟ್ಟುತ್ತಿದ್ದೆ, ಸರ್. ತಂಗಿಯ ಪೆನ್ಸಿಲು.
ಹುಟ್ಟುಗುಣ ಸುಟ್ಟರೂ ಹೋಗುತ್ತದಾ?

ಗಾದೆ ನನ್ನ ನಾಲಿಗೆಯ ಮೇಲೆ ಬಂದು ಕೂತಿತು.
ಅರಬಿಯಲ್ಲೂ ಅದಕ್ಕೊಂದು ಜೋಡಿಯಿದೆ, ಮೂರೇ ಪದ.
ಹೇಳಿದರೆ ಕಾಗದಕ್ಕೆ ಇಳಿಯುತ್ತದೆ:
ಸ್ವಭಾವದಿಂದಲೇ ಅಪರಾಧಿ, ತನ್ನ ಬಾಯಿಂದ ತಾನೇ.
ಚಟ ಎನ್ನಲೇ? ಇದ್ಮಾನ್ ಅಂದರೆ ಮೊದಲು ತೋಳು ಮಡಚಿಸಿ
ಸೂಜಿಯ ಗುರುತು ಹುಡುಕುತ್ತಾರೆ.
ಗೀಳು? ಹುಚ್ಚು? ಹುಚ್ಚಿಗೆ ಬೇರೆ ಕಟ್ಟಡ.
ಒಂದಕ್ಷರ ಕೂಡಿಸೆನು, ಕಳೆಯೆನು ಎಂದು ಪ್ರಮಾಣ ಮಾಡಿದವನು ನಾನು.

'ಚಿಕ್ಕಂದಿನಲ್ಲಿ ತಂಗಿಯ ಪೆನ್ಸಿಲು ಕದ್ದನಂತೆ,
ಇವತ್ತಿಗೂ ನಾಚಿಕೆಯಂತೆ' ಎಂದೆ.

ಪೆನ್ನು ಗಾಳಿಯಲ್ಲಿ ನಿಂತಿತು.
ಬರೆಯುತ್ತಾನೋ, ಬಿಡುತ್ತಾನೋ,
ಈ ಅರಬಿಗೆ ಹಿಂದಿ ಗಿಂದಿ ತಿಳಿದು ಸಂಶಯ ಬಂತೋ.
ನನ್ನ ಅಂಗೈ ಬೆವೆತು, ಕಿವಿ ಕಾದು,
ಅನ್ನ ಕೊಡುವ ಕೆಲಸವೇ ಮೇಜಿನ ಮೇಲಿರುವಾಗ
ಹೇಗೆ ಹೇಳಲಿ,
ಬಹಳ ಹಿತವಾಗಿತ್ತು.

ಅವನು ಬರೆದ.
ವಾಮನ ನನ್ನ ಮುಖವನ್ನೇ ನೋಡುತ್ತಿದ್ದ,
ಜಾತ್ರೆಯಲ್ಲಿ ಅಲ್ಲ, ಪರದೇಶದಲ್ಲಿ ಊರಿನವನ ಗುರುತು ಹತ್ತಿದ ಹಾಗೆ.

ಕೆಳಗೆ ಕಾದ ಗೋಡೆಗೆ ಒರಗಿ ದಿಲ್ ಬಹಾದ್ದೂರ್,
ಕೈಯಲ್ಲಿ ಒಳಗೆ ಕೊಡಲು ತಂದ ಖುಬ್ಬೂಸಿನ ಪೊಟ್ಟಣ.
ತಿಂದನಾ ಎಂದು ಕೇಳಿದ. ಆಮೇಲೆ,
ನನ್ನ ದುಡ್ಡು ಬರುತ್ತದಾ?
ನಾಳೆ ಎನ್ನಲು ಹೊರಟ ಬಾಯನ್ನು
ಕೈಯಿಂದ ಮುಚ್ಚಿಕೊಂಡೆ.